ತಡವಾಗಿ ಬಂದ ಎರಡನೆಯ ಉದ್ಯಾನ

ಸರ್ಕಾರಿ ಕಡತಗಳಲ್ಲಿ ‘ಸದ್ಯಕ್ಕೆ ಮುಂದೂಡಲಾಗಿದೆ’ ಎಂಬ ಮಾತು ಆಗಾಗ ಬರುತ್ತದೆ. ಕಡತಗಳ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಆ ಮಾತಿಗೆ ಒಂದೇ ಅರ್ಥವಿಲ್ಲವೆಂಬುದು ಗೊತ್ತು. ಕೆಲವೊಮ್ಮೆ ಅದು ಬರಿಯ ಆರು ತಿಂಗಳ ವಿಳಂಬ. ಕೆಲವೊಮ್ಮೆ ಅದು ಮರ್ಯಾದೆಯಿಂದ ಹೇಳಿದ ‘ಇಲ್ಲ’. ಇನ್ನು ಕೆಲವೊಮ್ಮೆ ಕೆಲಸವೇನೋ ಆಗುತ್ತದೆ, ಆದರೆ ಮೊದಲು ಹೇಳಿದ ಕೆಲಸ ಆಗಿರುವುದಿಲ್ಲ. ಈ ಮೂರರಲ್ಲಿ ಯಾವುದು ನಡೆಯುತ್ತಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ತಿಳಿಯದ ಕಡೆ ಊಹಾಪೋಹ ಹುಟ್ಟುವುದು ಸಹಜ.

ಇಂಥ ಊಹಾಪೋಹ ಒಂದು ದೇಶದ ಪತ್ರಿಕೆಗಳನ್ನೂ ಬ್ಯಾಂಕುಗಳನ್ನೂ ಎರಡು ವರ್ಷ ಕಾಲ ಕಾಡಿದ್ದುಂಟು. ಅದರ ವಸ್ತು ಯುದ್ಧವಲ್ಲ, ಚುನಾವಣೆಯಲ್ಲ. ಮಕ್ಕಳ ವಿನೋದಕ್ಕಾಗಿ ಕಟ್ಟಿದ ಒಂದು ಉದ್ಯಾನ. ಪ್ಯಾರಿಸ್ ನಗರದ ಬಳಿಯ ಡಿಸ್ನಿಲ್ಯಾಂಡಿನ ಆ ಕಥೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ಗೊಂಬೆಗಳ ಕಥೆಯಂತೆ ಕಂಡರೂ ಇದು ಸಾಲದ ಕಥೆ, ಭೂಮಿಯ ಕಥೆ. ಆದ್ದರಿಂದ ನಮಗೂ ಸಲ್ಲುವ ಕಥೆ.

ಗದ್ದೆಯಲ್ಲಿ ಎದ್ದ ಅರಮನೆ

ಥೀಮ್ ಪಾರ್ಕ್ ಎಂದರೇನೆಂದು ಇಂದು ಯಾರಿಗೂ ವಿವರಿಸಬೇಕಾಗಿಲ್ಲ. ಮುಂಬಯಿಯವರಿಗೆ 1989ರಲ್ಲಿ ಗೊರಾಯಿಯಲ್ಲಿ ಆರಂಭವಾದ ಎಸೆಲ್ ವರ್ಲ್ಡ್ ನೆನಪಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳು ಹಟ ಹಿಡಿದು ಬಿಡದಿಯ ವಂಡರ್‌ಲಾ ನೋಡಿ ಬರುವುದುಂಟು; ಅದು 2005ರದು. ಇವೆಲ್ಲಕ್ಕೂ ಮೂಲಪುರುಷನೆನ್ನಬಹುದಾದವನು ಅಮೆರಿಕದ ಚಲನಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿ. ಆತ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್ ಎಂಬಲ್ಲಿ ಡಿಸ್ನಿಲ್ಯಾಂಡನ್ನು ತೆರೆದ. ಉದ್ಯಾನ ಚೆನ್ನಾಗಿ ನಡೆಯಿತು. ಆದರೆ ಸುತ್ತಲ ಭೂಮಿ ಆತನದಾಗಿರಲಿಲ್ಲ. ಆತ ಸೆಳೆದು ತಂದ ಜನರಿಂದ ಹಣ ಮಾಡಿಕೊಂಡವರು ಪಕ್ಕದಲ್ಲಿ ವಸತಿಗೃಹ ಕಟ್ಟಿದವರು. ಈ ಪಾಠವನ್ನು ಸಂಸ್ಥೆ ಮರೆಯಲಿಲ್ಲ. ಮುಂದೆ ಫ್ಲಾರಿಡಾದಲ್ಲಿ ವಿಶಾಲವಾದ ಭೂಮಿಯನ್ನು ಮೊದಲೇ ಕೊಂಡಿತು. ಡಿಸ್ನಿ 1966ರಲ್ಲಿ ತೀರಿಕೊಂಡ ಮೇಲೆ, 1971ರಲ್ಲಿ, ಅಲ್ಲಿಯ ಉದ್ಯಾನ ತೆರೆಯಿತು.

1983ರಲ್ಲಿ ಟೋಕಿಯೋ ಡಿಸ್ನಿಲ್ಯಾಂಡ್ ಬಂದಿತು. ಅಲ್ಲಿ ಬಂಡವಾಳ ಹೂಡಿದವರು ಜಪಾನೀಯರು, ಒಡೆತನವೂ ಅವರದೇ. ಡಿಸ್ನಿ ಸಂಸ್ಥೆಗೆ ಸಿಕ್ಕಿದ್ದು ಹೆಸರಿನ ಗೌರವಧನ ಮಾತ್ರ. ಉದ್ಯಾನ ಭರ್ಜರಿಯಾಗಿ ನಡೆದಾಗ ಅಮೆರಿಕದ ಅಧಿಕಾರಿಗಳು ಕೈ ಹಿಸುಕಿಕೊಂಡರು. ಯೂರೋಪಿನಲ್ಲಿ ಇನ್ನೊಮ್ಮೆ ಹೀಗಾಗಬಾರದೆಂದು 1984ರಲ್ಲಿ ಅಧಿಕಾರಕ್ಕೆ ಬಂದ ಮೈಕೇಲ್ ಐಸ್ನರ್ ಮತ್ತು ಅವರ ಸಂಗಡಿಗರು ನಿಶ್ಚಯಿಸಿದರು.

ಸ್ಪೇನ್ ದೇಶವೂ ಪೈಪೋಟಿಯಲ್ಲಿತ್ತು. ಕೊನೆಗೆ ಗೆದ್ದದ್ದು ಫ್ರಾನ್ಸ್. 1987ರ ಮಾರ್ಚ್ ತಿಂಗಳಲ್ಲಿ ಆಗಿನ ಪ್ರಧಾನಿ ಜಾಕ್ ಶಿರಾಕ್ ಒಪ್ಪಂದಕ್ಕೆ ಸಹಿ ಹಾಕಿದರು. ಪ್ಯಾರಿಸಿಗೆ ಪೂರ್ವದಲ್ಲಿ ಸುಮಾರು 32 ಕಿಲೋಮೀಟರ್ ದೂರದ ಮಾರ್ನ್-ಲಾ-ವಾಲೆ ಎಂಬಲ್ಲಿ ಸುಮಾರು 1,940 ಹೆಕ್ಟೇರ್ ಭೂಮಿ ಗೊತ್ತಾಯಿತು. ಇದು ಪ್ಯಾರಿಸ್ ನಗರದ ವಿಸ್ತೀರ್ಣದ ಸುಮಾರು ಐದನೆಯ ಒಂದು ಭಾಗ. ಆವರೆಗೆ ಅಲ್ಲಿ ಬೆಳೆಯುತ್ತಿದ್ದದ್ದು ಸಕ್ಕರೆ ಬೀಟ್‌ರೂಟು. ಭೂಮಿಯನ್ನು ಕೃಷಿಭೂಮಿಯ ಬೆಲೆಯಲ್ಲೇ ಹಂತ ಹಂತವಾಗಿ ಕೊಡಲು ಸರ್ಕಾರ ಒಪ್ಪಿತು. ಪ್ಯಾರಿಸಿನ ಉಪನಗರ ರೈಲನ್ನು ಉದ್ಯಾನದ ಬಾಗಿಲವರೆಗೆ ತರುವುದಾಗಿ ಮಾತು ಕೊಟ್ಟಿತು. ಟಿಕೀಟಿನ ಮೇಲಿನ ತೆರಿಗೆಯನ್ನು ಶೇಕಡಾ 18.6ರಿಂದ 7ಕ್ಕೆ ಇಳಿಸಿತು.

ಒಪ್ಪಂದದ ಅವಧಿ 30 ವರ್ಷ. ಮೊದಲ ಹಂತದಲ್ಲಿ ಒಂದು ಉದ್ಯಾನ, ಆರು ಹೋಟೆಲು. ಎರಡನೆಯ ಹಂತದಲ್ಲಿ ಸಿನಿಮಾ ಸ್ಟುಡಿಯೋಗಳ ಮಾದರಿಯಲ್ಲಿ ಇನ್ನೊಂದು ಉದ್ಯಾನ, ಮತ್ತಷ್ಟು ಹೋಟೆಲು, ಕಚೇರಿ, ಮನೆಗಳು. ಆ ಎರಡನೆಯ ಉದ್ಯಾನ 1990ರ ದಶಕದ ಮಧ್ಯಭಾಗಕ್ಕೆ ತೆರೆಯಬೇಕಾಗಿತ್ತು. ನಮ್ಮ ಕಥಾನಾಯಕ ಅದೇ.

ಲೆಕ್ಕದೊಳಗಿನ ಲೆಕ್ಕ

ಈ ಯೋಜನೆಗೆ ಹಣ ಬಂದ ಬಗೆ ಸ್ವಾರಸ್ಯಕರ. ಯೂರೋ ಡಿಸ್ನಿ ಎಂಬ ಹೊಸ ಕಂಪನಿಯ ಶೇಕಡಾ 49 ಭಾಗವನ್ನು ಅಮೆರಿಕದ ಸಂಸ್ಥೆ ಇಟ್ಟುಕೊಂಡಿತು. ಉಳಿದ 51 ಭಾಗವನ್ನು 1989ರ ಅಕ್ಟೋಬರಿನಲ್ಲಿ ಷೇರಿಗೆ 72 ಫ್ರಾಂಕಿನಂತೆ ಯೂರೋಪಿನ ಜನರಿಗೆ ಮಾರಲಾಯಿತು. ಪ್ಯಾರಿಸಿನ ಷೇರುಪೇಟೆಯ ಮುಂದೆ ಐಸ್ನರ್ ಅವರ ಮೇಲೆ ಪ್ರತಿಭಟನಕಾರರು ಮೊಟ್ಟೆ ತೂರಿದರೂ ಷೇರಿಗೆ ಜನ ಮುಗಿಬಿದ್ದರು. ಮಕ್ಕಳ ಹೆಸರಿನಲ್ಲಿ ಕೊಂಡ ಸಾಮಾನ್ಯ ಸಂಸಾರಿಗಳು ಅವರಲ್ಲಿ ಎಷ್ಟೋ ಮಂದಿ. 1992ರ ಆರಂಭಕ್ಕೆ ಬೆಲೆ 160 ಫ್ರಾಂಕನ್ನು ದಾಟಿತ್ತು.

ಆದರೆ ಷೇರು ಹಣ ಒಟ್ಟು ವೆಚ್ಚದ ಒಂದು ಪಾಲು ಮಾತ್ರ. ಮೊದಲ ಹಂತಕ್ಕೆ ತಗುಲಿದ್ದು ಸುಮಾರು 2,200 ಕೋಟಿ ಫ್ರಾಂಕು. ಅದರ ಬಹುಭಾಗ ಸಾಲ. ಈ ಸಾಲವನ್ನು ಟಿಕೀಟಿನ ಹಣದಿಂದಲೇ ತೀರಿಸುವ ಯೋಚನೆ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಹೋಟೆಲುಗಳನ್ನು ಕಟ್ಟಿ, ಒಳ್ಳೆಯ ಬೆಲೆಗೆ ಮಾರಿ, ಬಾಡಿಗೆಗೆ ಹಿಂದಕ್ಕೆ ಪಡೆಯುವುದು; ಕೃಷಿಭೂಮಿಯ ದರದಲ್ಲಿ ಬಂದ ನಿವೇಶನಗಳನ್ನು ಕಚೇರಿ, ಮನೆ ಕಟ್ಟುವವರಿಗೆ ಪೇಟೆಯ ದರದಲ್ಲಿ ಕೊಡುವುದು; ಆ ಲಾಭದಿಂದ ಸಾಲ ಇಳಿಸಿ ಎರಡನೆಯ ಉದ್ಯಾನ ಕಟ್ಟುವುದು. ಮೇಲೆ ಕಾಣುವುದು ಗೊಂಬೆಗಳ ರಾಜ್ಯ, ಕೆಳಗಿನ ಅಡಿಪಾಯ ನಿವೇಶನದ ವ್ಯಾಪಾರ. ಭೂಮಿಯ ಬೆಲೆ ಏರುತ್ತಲೇ ಇರುತ್ತದೆ ಎಂಬ ನಂಬಿಕೆ ಆ ಅಡಿಪಾಯಕ್ಕೂ ಅಡಿಪಾಯ.

ಕಾಲ ತಪ್ಪಿದ ಆರಂಭ

1992ರ ಏಪ್ರಿಲ್ 12ರಂದು ಉದ್ಯಾನ ತೆರೆಯಿತು. ಗಳಿಗೆ ಮಾತ್ರ ಒಳ್ಳೆಯದಾಗಿರಲಿಲ್ಲ. ಪೂರ್ವ-ಪಶ್ಚಿಮ ಜರ್ಮನಿಗಳು ಒಂದಾದ ಮೇಲೆ ಖರ್ಚು ವಿಪರೀತವಾಗಿ, ಹಣದುಬ್ಬರವನ್ನು ತಡೆಯಲು ಆ ದೇಶದ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತಿತ್ತು; ಜುಲೈ 1992ರಲ್ಲಿ ಅದರ ದರ ಶೇಕಡಾ 8.75 ಮುಟ್ಟಿತು. ಜರ್ಮನ್ ಮಾರ್ಕಿಗೆ ತನ್ನ ಫ್ರಾಂಕನ್ನು ಕಟ್ಟಿಹಾಕಿಕೊಂಡಿದ್ದ ಫ್ರಾನ್ಸಿನಲ್ಲೂ ಬಡ್ಡಿ ಏರಲೇಬೇಕಾಯಿತು. ಪ್ಯಾರಿಸಿನಲ್ಲಿ ಭೂಮಿ, ಕಟ್ಟಡಗಳ ಬೆಲೆ ಕುಸಿಯತೊಡಗಿತ್ತು. ಸೆಪ್ಟೆಂಬರ್ 16ರಂದು ಇಂಗ್ಲೆಂಡಿನ ಪೌಂಡು ಯೂರೋಪಿನ ವಿನಿಮಯ ವ್ಯವಸ್ಥೆಯಿಂದ ಹೊರಬಿದ್ದಿತು. ಇಟಲಿಯ ಲೀರಾ ಅದನ್ನು ಹಿಂಬಾಲಿಸಿತು, ಸ್ಪೇನಿನ ಪೆಸೆಟಾ ಅಪಮೌಲ್ಯಗೊಂಡಿತು. ಈ ಮೂರು ದೇಶಗಳ ಸಂಸಾರಗಳಿಗೆ ಫ್ರಾನ್ಸಿನ ಪ್ರವಾಸ ರಾತ್ರಿ ಬೆಳಗಾಗುವುದರೊಳಗೆ ದುಬಾರಿಯಾಯಿತು.

1993ರ ಸೆಪ್ಟೆಂಬರಿಗೆ ಮುಗಿದ ಲೆಕ್ಕದ ವರ್ಷದಲ್ಲಿ ಕಂಪನಿ ತೋರಿಸಿದ ನಷ್ಟ 530 ಕೋಟಿ ಫ್ರಾಂಕು. ಆ ಅಕ್ಟೋಬರಿನಲ್ಲಿ 950 ನೌಕರಿಗಳನ್ನು ತೆಗೆದುಹಾಕುವುದಾಗಿ ಪ್ರಕಟವಾಯಿತು. ಎರಡನೆಯ ಉದ್ಯಾನವನ್ನು ಮುಂದೂಡಲಾಯಿತು. ಎಷ್ಟು ದಿನ? ಯಾರೂ ಹೇಳಲಿಲ್ಲ.

ಊರೆಲ್ಲ ವೈದ್ಯರು

ಆಗ ಆರಂಭವಾಯಿತು ಊಹೆಗಳ ಜಾತ್ರೆ. ನಾಟಕ ನಿರ್ದೇಶಕಿ ಆರಿಯಾನ್ ಮ್ನುಶ್ಕಿನ್ ಈ ಉದ್ಯಾನವನ್ನು ‘ಸಾಂಸ್ಕೃತಿಕ ಚೆರ್ನೋಬಿಲ್’ ಎಂದು ಕರೆದದ್ದು ಪ್ರಸಿದ್ಧವಾಗಿತ್ತು. ಫ್ರೆಂಚರ ಸಂಸ್ಕೃತಿ ಅಮೆರಿಕದ ಇಲಿಯನ್ನು ಒಪ್ಪಲಿಲ್ಲವೆಂದು ಒಂದು ಪಕ್ಷ ಜಯಘೋಷ ಮಾಡಿತು. ಊಟದೊಡನೆ ದ್ರಾಕ್ಷಾರಸ ಕೊಡದ ಹೋಟೆಲಿಗೆ ಫ್ರೆಂಚರು ಹೋಗುತ್ತಾರೆಯೇ ಎಂದು ಇನ್ನೊಂದು ಪಕ್ಷ ಕೇಳಿತು. 1993ರಲ್ಲಿ ಆ ನಿಷೇಧವನ್ನು ತೆಗೆಯಲಾಯಿತು. ಪ್ಯಾರಿಸಿನ ಚಳಿ, ಮಳೆಯೇ ಕಾರಣವೆಂದವರು ಕೆಲವರು. ಅಮೆರಿಕನ್ನರ ಅಹಂಕಾರವೆಂದವರು ಬಹಳ ಮಂದಿ. ಅಮೆರಿಕದ ಕೃಷಿನೀತಿಯ ವಿರುದ್ಧ ಸಿಟ್ಟಾಗಿದ್ದ ರೈತರು 1992ರ ಜೂನಿನಲ್ಲಿ ಟ್ರ್ಯಾಕ್ಟರುಗಳಿಂದ ಉದ್ಯಾನದ ದಾರಿಯನ್ನೇ ತಡೆದಿದ್ದರು, ಅದೂ ಸಾಕ್ಷ್ಯವಾಯಿತು.

ಈ ಮಾತುಗಳಲ್ಲಿ ಸತ್ಯಾಂಶ ಇಲ್ಲದಿರಲಿಲ್ಲ. ಯೂರೋಪಿನವರು ಬೆಳಗಿನ ತಿಂಡಿ ಅಷ್ಟಾಗಿ ತಿನ್ನುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ಹೋಟೆಲುಗಳಲ್ಲಿ ಚಿಕ್ಕ ಊಟದ ಮನೆಗಳನ್ನು ಕಟ್ಟಿದ್ದರು. 350 ಮಂದಿ ಕೂರುವಲ್ಲಿ 2,500 ಮಂದಿ ತಿಂಡಿಗೆ ಸಾಲು ನಿಂತರು. ಪ್ಯಾರಿಸಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲದ ಊರಿನಲ್ಲಿ ದುಬಾರಿ ಕೋಣೆ ಹಿಡಿದು ಜನ ನಾಲ್ಕು ದಿನ ತಂಗುತ್ತಾರೆಂಬ ಎಣಿಕೆಯೂ ತಪ್ಪಿತು. ಬೆಳಗ್ಗೆ ಬಂದು ಸಂಜೆ ಹೋಗುವವರೇ ಹೆಚ್ಚು.

1993ರ ಕೊನೆಯಲ್ಲಿ ಐಸ್ನರ್ ಅವರೇ ಫ್ರೆಂಚ್ ವಾರಪತ್ರಿಕೆಯೊಂದರ ಸಂದರ್ಶನದಲ್ಲಿ ಉದ್ಯಾನವನ್ನು ಮುಚ್ಚುವ ಸಾಧ್ಯತೆಯನ್ನು ತಳ್ಳಿಹಾಕಲಿಲ್ಲ. 1994ರ ಮಾರ್ಚ್ 31ರವರೆಗೆ ಮಾತ್ರ ಹಣ ಒದಗಿಸುವುದಾಗಿ ಅಮೆರಿಕದ ಸಂಸ್ಥೆ ಗಡುವು ಹಾಕಿತು. ಎರಡನೆಯ ಉದ್ಯಾನ ಯಾವಾಗ ಎಂಬ ಪ್ರಶ್ನೆ ಹೋಗಿ, ಮೊದಲನೆಯದಾದರೂ ಉಳಿದೀತೇ ಎಂಬ ಪ್ರಶ್ನೆ ಬಂದಿತು.

ಜಮಾಖರ್ಚು ಹೇಳುವ ಸತ್ಯ

ಈಗ ಮೂವತ್ತು ವರ್ಷಗಳ ಆಚೆ ನಿಂತು ಅಂಕಿಗಳನ್ನು ನೋಡೋಣ. ಆ ಕೆಟ್ಟ ವರ್ಷದಲ್ಲಿ ಉದ್ಯಾನಕ್ಕೆ ಬಂದವರು 98 ಲಕ್ಷ ಜನ. ನಿರೀಕ್ಷೆ ಇದ್ದದ್ದು ಸುಮಾರು 1 ಕೋಟಿ 10 ಲಕ್ಷ. ನೂರು ಜನ ಬರಬೇಕಾದಲ್ಲಿ ಎಂಬತ್ತೊಂಬತ್ತು ಜನ ಬಂದರೆ ಅದನ್ನು ಜನರ ತಿರಸ್ಕಾರ ಎನ್ನಲಾದೀತೇ? ಸಂಸ್ಕೃತಿಯ ಕಾರಣ ಹೇಳಿದವರು ಈ ಅಂಕಿಯನ್ನು ನೋಡಲಿಲ್ಲ. ಇನ್ನು 530 ಕೋಟಿ ನಷ್ಟದಲ್ಲಿ ಸುಮಾರು 360 ಕೋಟಿ, ಉದ್ಯಾನ ತೆರೆಯುವುದಕ್ಕೆ ಮೊದಲೇ ಆಗಿದ್ದ ಖರ್ಚನ್ನು ಒಂದೇ ಬಾರಿಗೆ ಬರೆದು ಹಾಕಿದ್ದು.

ನಿಜವಾದ ರೋಗ ಸುಮಾರು 2,000 ಕೋಟಿ ಫ್ರಾಂಕಿನ ಸಾಲ ಮತ್ತು ಅದರ ಬಡ್ಡಿ. ಹೋಟೆಲುಗಳನ್ನು ಮಾರೋಣವೆಂದರೆ ಕುಸಿದ ಪೇಟೆಯಲ್ಲಿ ಕೊಳ್ಳುವವರಿಲ್ಲ. ನಿವೇಶನ ಬೇಕೆನ್ನುವವರೂ ಇಲ್ಲ. ಎರಡನೆಯ ಉದ್ಯಾನದ ಹಣ ಬರಬೇಕಾಗಿದ್ದದ್ದು ಇಲ್ಲಿಂದಲೇ. ಅದು ನಿಂತದ್ದು ಮಕ್ಕಳಿಗೆ ಮಿಕ್ಕಿ ಬೇಡವಾದದ್ದರಿಂದಲ್ಲ, ದೊಡ್ಡವರು ಭೂಮಿಯ ಬೆಲೆಯ ಮೇಲೆ ಕಟ್ಟಿದ ಪಂದ್ಯ ಸೋತದ್ದರಿಂದ.

1994ರ ಮಾರ್ಚಿಯಲ್ಲಿ, ಗಡುವಿಗೆ ಎರಡು ವಾರ ಮೊದಲು, ಅರುವತ್ತಕ್ಕೂ ಹೆಚ್ಚು ಬ್ಯಾಂಕುಗಳೊಡನೆ ರಾಜಿಯಾಯಿತು. ಬ್ಯಾಂಕುಗಳು ಕೆಲಕಾಲದ ಬಡ್ಡಿ ಬಿಟ್ಟುಕೊಟ್ಟವು, ಅಸಲಿನ ಕಂತುಗಳನ್ನು ಮುಂದೂಡಿದವು. ಅಮೆರಿಕದ ಸಂಸ್ಥೆ ತನ್ನ ಗೌರವಧನವನ್ನು ಕೆಲವು ವರ್ಷ ತೆಗೆದುಕೊಳ್ಳದಿರಲು ಒಪ್ಪಿತು. ಸುಮಾರು 600 ಕೋಟಿ ಫ್ರಾಂಕಿನ ಹೊಸ ಷೇರುಗಳನ್ನು ಹೊರಡಿಸಲಾಯಿತು. ಸೌದಿ ಅರೇಬಿಯದ ರಾಜಕುಮಾರ ಅಲ್ ವಲೀದ್ ಬಿನ್ ತಲಾಲ್ ಬಂದು ಸುಮಾರು ಕಾಲು ಭಾಗದ ಒಡೆಯರಾದರು. ಹೊಸ ಷೇರಿನ ಬೆಲೆ 10 ಫ್ರಾಂಕು. 72ಕ್ಕೆ ಕೊಂಡವರು ಅದನ್ನು ನೋಡಿ ಏನೆಂದುಕೊಂಡಿರಬೇಕು!

ಫ್ರೆಂಚ್ ಸರ್ಕಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಉಪನಗರ ರೈಲು 1992ರಲ್ಲಿ ಉದ್ಯಾನದೊಡನೆಯೇ ಬಂದಿತ್ತು; ಮುಚ್ಚುವ ಗಾಳಿಮಾತು ಆಗಷ್ಟೇ ಅಡಗಿದ್ದ 1994ರಲ್ಲಿ ವೇಗದ ರೈಲಿನ ನಿಲ್ದಾಣವೂ ತೆರೆಯಿತು. ಕಂಪನಿಯ ಉದ್ಯಾನ ಮುಂದೆ ಹೋಯಿತು, ಸರ್ಕಾರದ ರೈಲು ಬಂದು ನಿಂತಿತು. ವಿಳಂಬಕ್ಕೆ ಸರ್ಕಾರಿ ಕೆಲಸವನ್ನೇ ಉದಾಹರಿಸುವವರು ಇದನ್ನು ನೆನಪಿಡಬಹುದು.

ಉದ್ಯಾನ ಚೇತರಿಸಿಕೊಂಡದ್ದು ಸಣ್ಣ ಉಪಾಯಗಳಿಂದ. 1994ರಲ್ಲಿ ‘ಡಿಸ್ನಿಲ್ಯಾಂಡ್ ಪ್ಯಾರಿಸ್’ ಎಂದು ಹೆಸರು ಬದಲಾಯಿತು. 1995ರ ಏಪ್ರಿಲಿನಲ್ಲಿ ದೊಡ್ಡವರ ಟಿಕೀಟನ್ನು 250 ಫ್ರಾಂಕಿನಿಂದ 195ಕ್ಕೆ ಇಳಿಸಿದರು. ಜೂನಿನಲ್ಲಿ ಸ್ಪೇಸ್ ಮೌಂಟನ್ ಎಂಬ ಹೊಸ ಆಕರ್ಷಣೆಯನ್ನು ತೆರೆದರು. ಇಡೀ ಉದ್ಯಾನ ಕಟ್ಟಲು ಶಕ್ತಿಯಿಲ್ಲದಾಗ ಇದ್ದ ಮನೆಗೆ ಒಂದು ಒಳ್ಳೆಯ ಕೋಣೆ ಸೇರಿಸಿದಂತೆ. ಆ ವರ್ಷ ಮೊದಲ ಬಾರಿಗೆ ಲಾಭ ಬಂದಿತು: 11 ಕೋಟಿ 40 ಲಕ್ಷ ಫ್ರಾಂಕು.

ಬಂದದ್ದು ಬೇರೊಂದು

ಎರಡನೆಯ ಉದ್ಯಾನದ ಕಡತ ಮತ್ತೆ ತೆರೆದದ್ದು 1999ರಲ್ಲಿ. ಭೂಮಿಯನ್ನು ಹಂತ ಹಂತವಾಗಿ ಅಭಿವೃದ್ಧಿ ಮಾಡದಿದ್ದರೆ ಅದರ ಮೇಲಿನ ಹಕ್ಕು ಕೈತಪ್ಪುವ ಸಂಭವವಿತ್ತು. ಅಂದರೆ ಆಸೆಗಿಂತ ಹೆಚ್ಚಾಗಿ ಅಗತ್ಯ ಅದನ್ನು ಕಟ್ಟಿಸಿತು. 2002ರ ಮಾರ್ಚ್ 16ರಂದು ವಾಲ್ಟ್ ಡಿಸ್ನಿ ಸ್ಟುಡಿಯೋಸ್ ಪಾರ್ಕ್ ಬಾಗಿಲು ತೆರೆಯಿತು. ಖರ್ಚು ಸುಮಾರು 61 ಕೋಟಿ ಯೂರೋ, ಹಳೆಯ ಹಣದಲ್ಲಿ 400 ಕೋಟಿ ಫ್ರಾಂಕು. ಮೊದಲ ಹಂತಕ್ಕೆ ತಗುಲಿದ್ದರ ಐದನೆಯ ಒಂದು ಭಾಗದಷ್ಟೂ ಇಲ್ಲ. ಒಳಗೆ ಹೋದವರಿಗೆ ನೋಡಲು ಸುಮಾರು ಹತ್ತೇ ಆಕರ್ಷಣೆಗಳು. ಗೋದಾಮಿನಂಥ ಕಟ್ಟಡಗಳ ನಡುವೆ ಬರಿಯ ಡಾಂಬರು ನೆಲ. ಅದರ ದೊಡ್ಡ ಆಕರ್ಷಣೆಯಾದ ‘ಟವರ್ ಆಫ್ ಟೆರರ್’ ಸೇರಿದ್ದು 2007ರ ಕೊನೆಗೆ.

ಎರಡೂ ಉದ್ಯಾನ ಕೂಡಿ ವರ್ಷಕ್ಕೆ 1 ಕೋಟಿ 60 ಲಕ್ಷ ಜನ ಬರಬೇಕೆಂಬ ನಿರೀಕ್ಷೆಯಿತ್ತು. 2001ರ ಸೆಪ್ಟೆಂಬರಿನ ನ್ಯೂಯಾರ್ಕ್ ದಾಳಿಯ ನಂತರ ಪ್ರವಾಸೋದ್ಯಮವೇ ಕುಗ್ಗಿತ್ತು. 2003ರಲ್ಲಿ ಬಂದವರು 1 ಕೋಟಿ 24 ಲಕ್ಷ; ಒಂದೇ ಉದ್ಯಾನವಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿದ್ದರು. ಮತ್ತೆ ಸಾಲ, ಮತ್ತೆ ಬ್ಯಾಂಕುಗಳೊಡನೆ ರಾಜಿ. 2018ರಲ್ಲಿ ಅದೇ ಎರಡನೆಯ ಉದ್ಯಾನವನ್ನು ವಿಸ್ತರಿಸಲು 200 ಕೋಟಿ ಯೂರೋ ಹಾಕುವುದಾಗಿ ಸಂಸ್ಥೆ ಪ್ರಕಟಿಸಿತು. ಆ ವಿಸ್ತರಣೆಯೂ ಕೊರೋನಾದಿಂದ ತಡವಾಗಿ, ಮೊದಲ ದೊಡ್ಡ ಭಾಗ 2022ರ ಜುಲೈಯಲ್ಲಿ ತೆರೆಯಿತು. 61 ಕೋಟಿಯಲ್ಲಿ ಮುಗಿಸಿದ್ದನ್ನು ಸರಿಪಡಿಸಲು 200 ಕೋಟಿ!

ಇದು ಪ್ಯಾರಿಸಿನ ದುರದೃಷ್ಟ ಮಾತ್ರವಲ್ಲ. ಅನಹೈಮಿನಲ್ಲಿಯೂ 1991ರಲ್ಲಿ ‘ವೆಸ್ಟ್‌ಕಾಟ್’ ಎಂಬ ಎರಡನೆಯ ಉದ್ಯಾನದ ಭವ್ಯ ನಕ್ಷೆ ಪ್ರಕಟವಾಗಿತ್ತು. ಆರ್ಥಿಕ ಮುಗ್ಗಟ್ಟು, ನೆರೆಹೊರೆಯವರ ವಿರೋಧ, ಪ್ಯಾರಿಸಿನಲ್ಲಿ ಸುಟ್ಟುಕೊಂಡ ಕೈ ಎಲ್ಲ ಸೇರಿ 1995ರಲ್ಲಿ ಅದನ್ನು ಕೈಬಿಡಲಾಯಿತು. ಅದರ ಬದಲು ಹಳೆಯ ವಾಹನ ನಿಲುಗಡೆಯ ಜಾಗದಲ್ಲಿ 2001ರಲ್ಲಿ ಬಂದದ್ದು ‘ಕ್ಯಾಲಿಫೋರ್ನಿಯಾ ಅಡ್ವೆಂಚರ್’. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಟಿಕೀಟು ಪಡೆದು ಕ್ಯಾಲಿಫೋರ್ನಿಯಾ ತೋರಿಸುವ ಉದ್ಯಾನ! ಜನ ನಿರೀಕ್ಷಿಸಿದಷ್ಟು ಬರಲಿಲ್ಲ. 2007ರಲ್ಲಿ 110 ಕೋಟಿ ಡಾಲರಿನ ಜೀರ್ಣೋದ್ಧಾರ ಪ್ರಕಟವಾಗಿ 2012ರಲ್ಲಿ ಮುಗಿಯಿತು.

ಹಾಗಾದರೆ ಮುಂದೂಡಿದ್ದೆಲ್ಲ ಕೆಡುತ್ತದೆಯೇ? ಇಲ್ಲ. ಫ್ಲಾರಿಡಾದಲ್ಲಿ ಯೂನಿವರ್ಸಲ್ ಸಂಸ್ಥೆ ‘ಎಪಿಕ್ ಯೂನಿವರ್ಸ್’ ಎಂಬ ಹೊಸ ಉದ್ಯಾನವನ್ನು 2019ರಲ್ಲಿ ಪ್ರಕಟಿಸಿ, 2020ರ ಕೊರೋನಾ ಕಾಲದಲ್ಲಿ ಕೆಲಸ ನಿಲ್ಲಿಸಿತು. ಆಗಲೂ ಅದು ರದ್ದಾಯಿತೆಂದು ಹೇಳಿದವರಿದ್ದರು. 2021ರ ಮಾರ್ಚಿನಲ್ಲಿ ಕೆಲಸ ಮತ್ತೆ ಆರಂಭವಾಗಿ 2025ರ ಮೇ 22ರಂದು ಅದು ಪೂರ್ಣರೂಪದಲ್ಲಿ ತೆರೆಯಿತು. ಅದರ ಒಡೆತನ ಕಾಮ್‌ಕಾಸ್ಟ್ ಎಂಬ, ಮನೆಮನೆಗೂ ಕೇಬಲ್ ಮತ್ತು ಅಂತರಜಾಲ ಒದಗಿಸುವ ಭಾರಿ ಸಂಸ್ಥೆಯದು. ಅಲ್ಲಿ ಮುಂದಿನ ಕಟ್ಟಡದ ಹಣ ಹಿಂದಿನ ಕಟ್ಟಡದ ನಿವೇಶನ ಮಾರಾಟವನ್ನು ಕಾದು ಕೂತಿರಲಿಲ್ಲ.

ವ್ಯತ್ಯಾಸ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕೆಲಸ ನಿಂತಾಗ ‘ಜನಕ್ಕೆ ಬೇಕೇ, ಬೇಡವೇ’ ಎಂದು ಎಲ್ಲರೂ ಚರ್ಚಿಸುತ್ತಾರೆ. ಕೇಳಬೇಕಾದದ್ದು ‘ಇದರ ಹಣ ಎಲ್ಲಿಂದ ಬರಬೇಕಾಗಿತ್ತು’ ಎಂಬ ಪ್ರಶ್ನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಊರು ಬಿಟ್ಟು ಮಹಾನಗರಗಳಿಗೆ ಬಂದು, ಪ್ರಾವಿಡೆಂಟ್ ಫಂಡಿನ ಹಣ ತೆಗೆದು ಫ್ಲ್ಯಾಟಿಗೆ ಮುಂಗಡ ಕೊಟ್ಟು, ವರ್ಷಗಟ್ಟಲೆ ಕಂತನ್ನೂ ಬಾಡಿಗೆಯನ್ನೂ ಒಟ್ಟಿಗೆ ಕಟ್ಟಿದ ಸಂಸಾರಗಳು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ಯೋಜನೆಗೆ ಕೊಟ್ಟ ಹಣ ಇನ್ನೊಂದರ ಭೂಮಿಗೆ ಹೋಗಿ, ಪೇಟೆ ಕುಸಿದಾಗ ಎರಡೂ ನಿಲ್ಲುವುದೇ ಅಲ್ಲಿಯ ಸಾಮಾನ್ಯ ಕಥೆ. 2016ರ ರಿಯಲ್ ಎಸ್ಟೇಟ್ ಕಾಯಿದೆ, ಕೊಳ್ಳುವವರಿಂದ ಪಡೆದ ಹಣದ ಶೇಕಡಾ 70 ಭಾಗವನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ.

ಕೊನೆಗೆ ಯಾರಿಗೆ ಏನು ಉಳಿಯಿತು? ಫ್ರಾನ್ಸಿಗೆ ರೈಲು, ಬೀಟ್‌ರೂಟು ಬೆಳೆಯುತ್ತಿದ್ದ ನೆಲದಲ್ಲಿ ಒಂದು ಹೊಸ ಪಟ್ಟಣ, ಸಾವಿರಾರು ಮಂದಿಗೆ ನೌಕರಿ ಉಳಿಯಿತು. 2017ರಲ್ಲಿ ಅಮೆರಿಕದ ಸಂಸ್ಥೆ ಉಳಿದವರ ಷೇರುಗಳನ್ನು ಕೊಂಡು ಉದ್ಯಾನವನ್ನು ಸಂಪೂರ್ಣವಾಗಿ ತನ್ನದಾಗಿಸಿಕೊಂಡಿತು. ಆಗ ಕೊಟ್ಟ ಬೆಲೆ ಷೇರಿಗೆ 2 ಯೂರೋ. ಅದಕ್ಕೆ ಹತ್ತು ವರ್ಷ ಮೊದಲು ಹಳೆಯ ನೂರು ಷೇರುಗಳನ್ನು ಕೂಡಿಸಿ ಒಂದು ಮಾಡಲಾಗಿತ್ತು. 1989ರಲ್ಲಿ ನೂರು ಷೇರಿಗೆ 7,200 ಫ್ರಾಂಕು, ಅಂದರೆ ಸುಮಾರು 1,098 ಯೂರೋ ಕೊಟ್ಟು, ಮತ್ತೆ ಹಣ ಹಾಕದೆ ನಂಬಿ ಕೂತ ಸಂಸಾರಿಗೆ ಇಪ್ಪತ್ತೆಂಟು ವರ್ಷಗಳ ಮೇಲೆ ಆ ಷೇರಿಗೆ ದೊರೆತದ್ದು ಎರಡು ಯೂರೋ. ಎರಡನೆಯ ಉದ್ಯಾನದ ವಿಳಂಬದ ಬಗ್ಗೆ ನಡೆದ ಅಷ್ಟೂ ಚರ್ಚೆಯಲ್ಲಿ ಈತನ ಹೆಸರನ್ನು ಎತ್ತಿದವರು ತೀರ ಕಡಿಮೆ.